ನಿಷೇಧದ ಆದೇಶಕ್ಕೂ ಕೊನೆಯ ಡಬ್ಬಿಗೂ ನಡುವೆ

ಮಾನ್ಯ ಸಂಪಾದಕರೇ,

ಗೆದ್ದಲು, ಗೊಣ್ಣೆಹುಳು, ಕಾಂಡಕೊರಕ, ಜಿಗಿಹುಳು ಎಂಬ ಭೇದವಿಲ್ಲದೆ ಎಲ್ಲದಕ್ಕೂ ಒಂದೇ ಮದ್ದೆಂಬಂತೆ ಜಗತ್ತಿನ ಹಲವೆಡೆಯ ಹೊಲಗಳಲ್ಲಿ ಬಳಕೆಯಾಗುತ್ತ ಬಂದಿರುವ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನು, 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಮುಗಿದ ಸ್ಟಾಕ್‌ಹೋಮ್ ಒಡಂಬಡಿಕೆ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಸಭೆಯು, ಉತ್ಪಾದನೆ ಮತ್ತು ಬಳಕೆ ಎರಡನ್ನೂ ಕೊನೆಗಾಣಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ಜೊತೆಗೆ ಕೆಲವು ಬೆಳೆ ಮತ್ತು ಕೀಟಗಳ ಮಟ್ಟಿಗೆ ನಿರ್ದಿಷ್ಟ ವಿನಾಯಿತಿಗಳನ್ನೂ ಕೊಟ್ಟಿತು. ಇದನ್ನು ಕೇಳಿ ವಿಷ ತೊಲಗಿತೆಂದು ಹಿಗ್ಗಿದವರೂ ಇದ್ದಾರೆ, ಇನ್ನು ಬೆಳೆ ಉಳಿಯುವುದಿಲ್ಲವೆಂದು ಹೌಹಾರಿದವರೂ ಇದ್ದಾರೆ. ಇಬ್ಬರೂ ಸಹಿ ಬಿದ್ದ ದಿನವನ್ನೇ ನೋಡುತ್ತಿದ್ದಾರೆ. ಹಲವು ವರ್ಷ ಕೃಷಿ ವಿಸ್ತರಣೆಯ ಕೆಲಸದಲ್ಲಿದ್ದು ಈಗ ನಿವೃತ್ತನಾಗಿರುವ ನಾನು ಹೇಳಬೇಕೆಂದಿರುವುದು ಆ ದಿನದ ನಂತರದ ಕಾಲದ ಬಗ್ಗೆ. ಆದೇಶ ಹೊರಬಿದ್ದ ದಿನಕ್ಕೂ ಕೊನೆಯ ಡಬ್ಬಿ ಖಾಲಿಯಾಗುವ ದಿನಕ್ಕೂ ನಡುವೆ ಬರುವ ವರ್ಷಗಳಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆಯೇ ಅಪಾಯ ತಗ್ಗಿತೋ ಇಲ್ಲವೋ ಎಂಬುದು ನಿಂತಿದೆ, ಮತ್ತು ಈ ಅವಧಿಗೆ ಯೋಜನೆ ಹಾಕುವ ಅಭ್ಯಾಸ ನಮ್ಮ ಆಡಳಿತಗಳಿಗೆ ಇಲ್ಲ.

1965ರಲ್ಲಿ ಮಾರುಕಟ್ಟೆಗೆ ಬಂದ ಈ ರಾಸಾಯನಿಕ ಆರ್ಗನೋಫಾಸ್ಫೇಟ್ ಗುಂಪಿಗೆ ಸೇರಿದ್ದು. ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಎಂಬ ವಸ್ತು ತನ್ನ ಕೆಲಸ ಮುಗಿದೊಡನೆ ಒಡೆದುಹೋಗಬೇಕು. ಅದನ್ನು ಒಡೆಯುವ ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಹುಳು ಸೆಟೆದುಕೊಂಡು ಸಾಯುತ್ತದೆ. ಸಿಂಪಡಿಸುವವನ ದೇಹದಲ್ಲಿಯೂ ಇರುವುದು ಅದೇ ಕಿಣ್ವವಾದ್ದರಿಂದ, ಪ್ರಮಾಣ ಹೆಚ್ಚಾದಾಗ ಅವನಿಗೂ ಬೆವರು, ಜೊಲ್ಲು, ಕಣ್ಣೀರು ಒಟ್ಟೊಟ್ಟಿಗೆ ಸುರಿಯುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಮಾಂಸಖಂಡ ಅದುರುತ್ತದೆ, ಉಸಿರು ಕಟ್ಟುತ್ತದೆ. ಇಷ್ಟು ಎಲ್ಲರ ಕಣ್ಣಿಗೆ ಕಾಣುವ ಅಪಾಯ. ಕ್ಲೋರ್‌ಪೈರಿಫಾಸ್‌ನ ವಿರುದ್ಧ ಜಗತ್ತು ತಿರುಗಿಬಿದ್ದದ್ದು ಕಣ್ಣಿಗೆ ಕಾಣದ ಇನ್ನೊಂದು ಅಪಾಯದಿಂದಾಗಿ: ತಾಯಿಯ ಗರ್ಭದಲ್ಲಿರುವ ಶಿಶುವಿನ ಮೆದುಳಿನ ಬೆಳವಣಿಗೆಗೆ ಇದು ಅಡ್ಡಿ ಮಾಡುತ್ತದೆಂಬ ಆತಂಕ. 2019ರಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು, ಇಷ್ಟರ ಒಳಗಿದ್ದರೆ ಸುರಕ್ಷಿತ ಎಂದು ಹೇಳಬಹುದಾದ ಮಿತಿಯನ್ನೇ ಈ ರಾಸಾಯನಿಕಕ್ಕೆ ನಿಗದಿ ಮಾಡಲಾಗದು ಎಂದಿತು.

ಈ ಮಾತನ್ನು ಡಬ್ಬಿಯ ಮೇಲಿನ ಚೀಟಿಯ ಪಕ್ಕದಲ್ಲಿಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಕ್ಲೋರ್‌ಪೈರಿಫಾಸ್ ಎರಡನೆಯ ವರ್ಗದ, ಅಂದರೆ 'ಮಧ್ಯಮ ಅಪಾಯಕಾರಿ' ವಸ್ತು. ಆ ವರ್ಗೀಕರಣ ಮುಖ್ಯವಾಗಿ ನಿಂತಿರುವುದು, ಎಷ್ಟು ಪ್ರಮಾಣ ಒಮ್ಮೆಗೇ ಒಳಹೊಕ್ಕರೆ ಅರ್ಧದಷ್ಟು ಇಲಿಗಳು ಸಾಯುತ್ತವೆ ಎಂಬ ಲೆಕ್ಕದ ಮೇಲೆ. ದಿನದಿನವೂ ಕಿಂಚಿತ್ತು ಕಿಂಚಿತ್ತಾಗಿ ಒಳಹೊಕ್ಕರೆ ಹುಟ್ಟಲಿರುವ ಮಗುವಿಗೆ ಏನಾದೀತು ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವಿಲ್ಲ. ಹೀಗಾಗಿ ಡಬ್ಬಿ ಹಿಡಿದವನು ವಿಷದ ತೀವ್ರತೆ ತೋರಿಸುವ ತ್ರಿಕೋನದ ಬಣ್ಣ ನೋಡಿ, ಇದೇನು ಕೆಂಪಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಆಡುಮಾತಿನಲ್ಲಿ ಇದಕ್ಕೆ 'ಔಷಧಿ ಹೊಡೆಯುವುದು' ಎಂಬ ಹೆಸರು ಬೇರೆ. ಔಷಧಿಗೆ ಯಾರಾದರೂ ಹೆದರುತ್ತಾರೆಯೇ?

ಶ್ರೀಮಂತ ದೇಶಗಳು ಕೂಡ ಇದನ್ನು ನೇರ ದಾರಿಯಲ್ಲಿ ಬಿಟ್ಟಿಲ್ಲ. ಅಮೆರಿಕದಲ್ಲಿ 2000ನೇ ಇಸವಿಯಲ್ಲೇ ಬಹುತೇಕ ಗೃಹಬಳಕೆಯನ್ನು ಕೊನೆಗಾಣಿಸುವ ಒಪ್ಪಂದವಾಯಿತು, ಕಾರಣ ಮನೆಯ ನೆಲದ ಮೇಲೆ ಆಡುವ ಮಕ್ಕಳು. ಹೊಲದ ಬದಿಯ ಮನೆಗಳಲ್ಲೂ ಮಕ್ಕಳು ಆಡುತ್ತಾರೆಂಬುದು ನೆನಪಾಗಲು ಇನ್ನೂ ಎರಡು ದಶಕ ಬೇಕಾಯಿತು. 2021ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಆಹಾರ ಬೆಳೆಗಳಲ್ಲಿ ಇದರ ಉಳಿಕೆಗೆ ಇದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು, 2024ರ ಕೊನೆಯಲ್ಲಿ ಹನ್ನೊಂದು ಬೆಳೆಗಳನ್ನು ಬಿಟ್ಟು ಉಳಿದವುಗಳಿಗೆ ಮಾತ್ರ ಹಿಂತೆಗೆಯುವ ಹೊಸ ಪ್ರಸ್ತಾವ ಬಂತು. ಇದಕ್ಕೆ ಹೋಲಿಸಿದರೆ ಐರೋಪ್ಯ ಒಕ್ಕೂಟದ ಕ್ರಮ ಕಟುವಾಗಿಯೂ ಸ್ಪಷ್ಟವಾಗಿಯೂ ಇತ್ತು. 2020ರ ಜನವರಿಯಲ್ಲಿ ಅನುಮೋದನೆಯನ್ನು ನವೀಕರಿಸದಿರುವ ನಿರ್ಧಾರ ಜಾರಿಗೆ ಬಂತು, ಫೆಬ್ರುವರಿ ಮಧ್ಯದೊಳಗೆ ಸದಸ್ಯ ದೇಶಗಳು ನೋಂದಣಿಗಳನ್ನು ರದ್ದುಪಡಿಸಬೇಕಿತ್ತು, ಉಳಿದ ದಾಸ್ತಾನಿಗೆ ಎಷ್ಟೇ ಎಳೆದರೂ ಏಪ್ರಿಲ್ 16ರವರೆಗೆ ಮಾತ್ರ ಅವಕಾಶ. ಅಂದರೆ ಮೂರು ತಿಂಗಳು.

ದಾಸ್ತಾನಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಷೇಧದ ಸುದ್ದಿಗಳಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗುವುದು ಅದೇ. ಎಂಡೋಸಲ್ಫಾನ್ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಕಾಸರಗೋಡಿನ ಗೇರು ತೋಟಗಳು. ಟೀ ಸೊಳ್ಳೆ ಎಂಬ ರಸಹೀರುವ ತಿಗಣೆಯ ನಿಯಂತ್ರಣಕ್ಕೆಂದು ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಗುಡ್ಡಗಳ ಮೇಲೆ ಸುರಿದ ಆ ವಿಷ, ಇಳಿಜಾರಿನಲ್ಲಿ ಹರಿದು ತೋಡು, ಕೆರೆ, ಬಾವಿಗಳನ್ನು ಸೇರಿತು. ಸಿಂಪಡಣೆ 2000ದ ಹೊತ್ತಿಗೆ ನಿಂತಿತು. 2011ರ ಏಪ್ರಿಲ್‌ನಲ್ಲಿ ಇದೇ ಸ್ಟಾಕ್‌ಹೋಮ್ ಒಡಂಬಡಿಕೆ ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗಳಿಗೆ ಮಧ್ಯಂತರ ತಡೆ ನೀಡಿತು. ಆದರೆ ಸಿಂಪಡಣೆ ನಿಂತು ಒಂದು ದಶಕ ಕಳೆದ ಮೇಲೂ ಉಳಿದ ವಿಷ ಗೋದಾಮುಗಳ ಬ್ಯಾರೆಲ್‌ಗಳಲ್ಲೇ ಕುಳಿತಿತ್ತು; ಹಳೆಯ ಬ್ಯಾರೆಲ್‌ಗಳು ಸೋರತೊಡಗಿದಾಗ 2012ರಲ್ಲಿ ಅದನ್ನು ಹೊಸ ಬ್ಯಾರೆಲ್‌ಗಳಿಗೆ ತುಂಬಿಸುವುದೇ ಒಂದು ಕಾರ್ಯಾಚರಣೆಯಾಯಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಕೇರಳ ಸರ್ಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ಮಾರಾಟವನ್ನು ನಿಲ್ಲಿಸುವುದಕ್ಕೆ ಒಂದು ಸಹಿ ಸಾಕು. ತಯಾರಾಗಿಬಿಟ್ಟಿರುವ ವಿಷವನ್ನು ಇಲ್ಲವಾಗಿಸುವುದಕ್ಕೆ ಅಧಿಕ ತಾಪದ ಸುಡುಗೂಡು, ಸಾಗಣೆಯ ವ್ಯವಸ್ಥೆ, ಹಣ ಮತ್ತು ಇದು ತನ್ನ ಕೆಲಸವೆಂದು ಒಪ್ಪಿಕೊಳ್ಳುವ ಒಂದು ಇಲಾಖೆ ಬೇಕು. ಬಳಸಲಾಗದೆ ಉಳಿದ ಇಂಥ ಹಳೆಯ ಕೀಟನಾಶಕ ಅಭಿವೃದ್ಧಿಶೀಲ ದೇಶಗಳಲ್ಲಿ ಸುಮಾರು ಐದು ಲಕ್ಷ ಟನ್ ಇದೆಯೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಿಂದೊಮ್ಮೆ ಅಂದಾಜು ಮಾಡಿತ್ತು. ಅದರಲ್ಲಿ ಎಷ್ಟೋ ಭಾಗ ನಿಷೇಧದ ಸಂತಾನವೇ.

ಆದ್ದರಿಂದ 'ಇರುವ ದಾಸ್ತಾನನ್ನು ಅವಧಿ ಮುಗಿಯುವವರೆಗೆ ಮಾರಬಹುದು' ಎಂಬ ಸಾಲು ಆದೇಶದಲ್ಲಿ ಕಂಡಾಗ ನನಗೆ ಸಮಾಧಾನವಾಗುವುದಿಲ್ಲ. ಅದು ವ್ಯಾಪಾರಿಯ ನಷ್ಟ ತಪ್ಪಿಸುವ ಸಾಲು. ಆ ಅವಧಿಯಲ್ಲಿ ಹಳೆಯ ಸರಕನ್ನು ಖಾಲಿ ಮಾಡುವ ಆತುರಕ್ಕೆ ರಿಯಾಯಿತಿ ಘೋಷಣೆಯಾಗುತ್ತದೆ, ಒಂದು ಡಬ್ಬಿ ಬೇಕಿದ್ದವನು ಎರಡು ಒಯ್ಯುತ್ತಾನೆ, ಎರಡನೆಯದು ಅಟ್ಟದ ಮೇಲೋ ದನದ ಕೊಟ್ಟಿಗೆಯಲ್ಲೋ ವರ್ಷಗಟ್ಟಲೆ ಉಳಿಯುತ್ತದೆ. ಹೀಗೆ ಉಳಿದ ವಿಷ ಎಷ್ಟು ಅಪಾಯಕಾರಿಯೆಂಬುದಕ್ಕೆ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ 2013ರ ಜುಲೈನಲ್ಲಿ ನಡೆದ ದುರಂತಕ್ಕಿಂತ ಬೇರೆ ಸಾಕ್ಷಿ ಬೇಡ. ಮಾನೋಕ್ರೋಟೋಫಾಸ್ ಬೆರೆತ ಎಣ್ಣೆಯಲ್ಲಿ ಬೇಯಿಸಿದ ಊಟ ಉಂಡು 23 ಮಕ್ಕಳು ಸತ್ತರು. ಆ ಕೀಟನಾಶಕದ ಬಳಕೆ ತರಕಾರಿ ಬೆಳೆಗಳ ಮೇಲೆ ಅದಾಗಲೇ ನಿಷಿದ್ಧವಾಗಿತ್ತು. ಬೇರೆ ಬೆಳೆಗಳ ಹೆಸರಿನಲ್ಲಿ ಅಂಗಡಿಯಲ್ಲಿ ಇದ್ದೇ ಇತ್ತು.

ಇಲ್ಲಿಯೇ ವಿನಾಯಿತಿಯ ಪ್ರಶ್ನೆ ಬರುತ್ತದೆ. ಒಂದು ಬೆಳೆಗೆ ಅನುಮತಿ, ಇನ್ನೊಂದಕ್ಕೆ ನಿಷೇಧ ಎಂಬ ವ್ಯವಸ್ಥೆ ಕಾಗದದ ಮೇಲೆ ಚೊಕ್ಕವಾಗಿ ಕಾಣುತ್ತದೆ. ಡಬ್ಬಿಗೆ ಆ ಭೇದ ತಿಳಿಯದು. ಅನುಮತಿಯಿರುವ ಬೆಳೆಗೆಂದು ತಂದದ್ದರಲ್ಲಿ ಉಳಿದದ್ದು ಪಕ್ಕದ ತರಕಾರಿ ಪಾತಿಗೆ ಹೋಗದಂತೆ ಯಾವ ಇನ್‌ಸ್ಪೆಕ್ಟರ್ ಕಾಯಬಲ್ಲ? ಒಡಂಬಡಿಕೆಯ ನಿಯಮದಂತೆ ನಿರ್ದಿಷ್ಟ ವಿನಾಯಿತಿಗಳು ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತವೆ, ಕೋರಿಕೆಯ ಮೇಲೆ ಇನ್ನೂ ಐದು ವರ್ಷ ವಿಸ್ತರಣೆ ಸಾಧ್ಯ. ಇದಲ್ಲದೆ ಭಾರತದಂಥ ಕೆಲವು ದೇಶಗಳು ಪಟ್ಟಿಯ ಪ್ರತಿ ಹೊಸ ಸೇರ್ಪಡೆಗೂ ಪ್ರತ್ಯೇಕವಾಗಿ ಅನುಮೋದನೆ ಕೊಟ್ಟ ಮೇಲಷ್ಟೇ ಅದಕ್ಕೆ ಬದ್ಧವಾಗುತ್ತವೆ. ಇವೆಲ್ಲವನ್ನೂ ಕೂಡಿಸಿದರೆ ಜಿನೀವಾದ ಚಪ್ಪಾಳೆಗೂ ಕೊನೆಯ ಸಿಂಪಡಣೆಗೂ ನಡುವೆ ಸಲೀಸಾಗಿ ಹತ್ತು ಹನ್ನೆರಡು ವರ್ಷ ಕಳೆಯಬಹುದು. ವಿನಾಯಿತಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ವಿನಾಯಿತಿ ಕೇಳಿದ ದೇಶವು ಆ ಬೆಳೆಗೆ, ಆ ಕೀಟಕ್ಕೆ ಬೇರೆ ಉಪಾಯ ಯಾವುದು, ಅದನ್ನು ಯಾವ ವರ್ಷದೊಳಗೆ ರೈತರ ಕೈಗೆ ಕೊಡುತ್ತೇವೆ ಎಂಬುದನ್ನು ಅದೇ ದಿನ ಬರೆದುಕೊಡಬೇಕು. ಅದಿಲ್ಲದ ವಿನಾಯಿತಿ ಐದನೆಯ ವರ್ಷದ ಕೊನೆಯಲ್ಲಿ ಮತ್ತೆ ಅದೇ ಅರ್ಜಿ ಹಿಡಿದು ಬಂದು ನಿಲ್ಲುತ್ತದೆ.

ಬದಲಿ ಯಾವುದೆಂಬುದು ಇನ್ನೂ ತೊಡಕಿನ ಮಾತು. ಶ್ರೀಲಂಕಾ 1995ರಲ್ಲಿ ಮಾನೋಕ್ರೋಟೋಫಾಸ್ ಸೇರಿದಂತೆ ಉಳಿದಿದ್ದ ಅತ್ಯಂತ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದಾಗ ರೈತರು ತಿರುಗಿದ್ದು ಎಂಡೋಸಲ್ಫಾನ್ ಕಡೆಗೆ. ಅದನ್ನು ಸೇವಿಸಿ ಆಗುವ ಸಾವುಗಳು ಏರತೊಡಗಿದವು. ಆ ದೇಶದ ಅಧಿಕಾರಿಗಳ ಹೆಚ್ಚುಗಾರಿಕೆ ಇರುವುದು ಅದನ್ನು ಗಮನಿಸಿದ್ದರಲ್ಲಿ: ಆಸ್ಪತ್ರೆಗಳ ದಾಖಲೆ ನೋಡಿ 1998ರಲ್ಲಿ ಎಂಡೋಸಲ್ಫಾನನ್ನೂ ಕೈಬಿಟ್ಟರು. 1995ರಿಂದ 2005ರೊಳಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು, ಭತ್ತದ ಇಳುವರಿ ಇಳಿಯಲಿಲ್ಲ. ಕ್ಲೋರ್‌ಪೈರಿಫಾಸ್ ಹೋದರೆ ಅದರ ಜಾಗಕ್ಕೆ ಅದೇ ಗುಂಪಿನ ಇನ್ನೊಂದು ರಾಸಾಯನಿಕವೋ, ಜೇನುನೊಣಗಳಿಗೆ ಮಾರಕವಾದ ಮತ್ತೊಂದೋ ಬಂದು ಕೂರುವ ಸಾಧ್ಯತೆ ಧಾರಾಳವಾಗಿದೆ. ಅಂಗಡಿಯವನಿಗೆ ಅದು ಅತ್ಯಂತ ಸುಲಭ, ಕಪಾಟಿನಲ್ಲಿ ಒಂದು ಡಬ್ಬಿ ತೆಗೆದು ಇನ್ನೊಂದನ್ನು ಇಟ್ಟರಾಯಿತು.

ಡಬ್ಬಿಯಿಂದ ಡಬ್ಬಿಗೆ ಜಿಗಿಯದ ದಾರಿಯೂ ಇದೆ. ಇಂಡೊನೇಷ್ಯಾದಲ್ಲಿ ಕಂದು ಜಿಗಿಹುಳು ಭತ್ತವನ್ನು ಸುಟ್ಟಂತೆ ಒಣಗಿಸುತ್ತಿದ್ದ ಕಾಲದಲ್ಲಿ, ಹೆಚ್ಚು ಸಿಂಪಡಿಸಿದಷ್ಟೂ ಹುಳು ಹೆಚ್ಚುತ್ತಿದೆಯೆಂಬುದನ್ನು ವಿಜ್ಞಾನಿಗಳು ತೋರಿಸಿಕೊಟ್ಟರು. ವಿಷಕ್ಕೆ ಮೊದಲು ಬಲಿಯಾಗುತ್ತಿದ್ದುದು ಜಿಗಿಹುಳುವನ್ನು ತಿನ್ನುವ ಜೇಡ ಮತ್ತು ತಿಗಣೆಗಳು. ಪೈರಿನ ದಂಟಿನೊಳಗೆ ಇಟ್ಟಿದ್ದ ಜಿಗಿಹುಳುವಿನ ಮೊಟ್ಟೆಗಳು ಸುರಕ್ಷಿತವಾಗಿ ಒಡೆದು, ಶತ್ರುಗಳೇ ಇಲ್ಲದ ಗದ್ದೆಗೆ ಮರಿಗಳು ಇಳಿಯುತ್ತಿದ್ದವು. 1986ರ ನವೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಒಂದು ಆದೇಶದಿಂದ 57 ಕೀಟನಾಶಕಗಳನ್ನು ಭತ್ತದ ಮೇಲೆ ಬಳಸದಂತೆ ನಿಷೇಧಿಸಿದರು, 1989ರ ಹೊತ್ತಿಗೆ ಕೀಟನಾಶಕಗಳ ಸಹಾಯಧನವೂ ನಿಂತಿತು. ಅಕ್ಕಿಯ ಉತ್ಪಾದನೆ ಏರಿತು. ಆದರೆ ಇದೆಲ್ಲ ಬರಿಯ ಆದೇಶದಿಂದ ಆದದ್ದಲ್ಲ. ರೈತರು ವಾರಕ್ಕೊಮ್ಮೆ ಗದ್ದೆಯಲ್ಲೇ ಕುಳಿತು ಹುಳು ಎಷ್ಟು, ಜೇಡ ಎಷ್ಟು ಎಂದು ಎಣಿಸಿ, ಸಿಂಪಡಿಸಬೇಕೇ ಬೇಡವೇ ಎಂದು ತಾವೇ ನಿರ್ಧರಿಸುವ ಕ್ಷೇತ್ರ ಪಾಠಶಾಲೆಗಳನ್ನು ಅಲ್ಲಿ ಸಾವಿರಾರು ಸಂಖ್ಯೆಯಲ್ಲಿ ನಡೆಸಿದರು.

ಕ್ಲೋರ್‌ಪೈರಿಫಾಸ್ ಹೆಚ್ಚು ಸುರಿಯುವ ಗೊಣ್ಣೆಹುಳುವಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಬೆಳೆ ಹಳದಿಯಾಗಿ, ಎಳೆದರೆ ಬೇರಿಲ್ಲದೆ ಕೈಗೆ ಬಂದಾಗ ರೈತ ಬುಡಕ್ಕೆ ವಿಷ ಸುರಿಯುತ್ತಾನೆ. ಆ ಹೊತ್ತಿಗೆ ಹುಳು ಕೊಬ್ಬಿ ಬೆರಳು ಗಾತ್ರವಾಗಿರುತ್ತದೆ, ಮಣ್ಣಿನಲ್ಲಿ ಆಳಕ್ಕಿಳಿದಿರುತ್ತದೆ, ಸುರಿದದ್ದರಲ್ಲಿ ಅದಕ್ಕೆ ತಾಗುವುದು ಅತ್ಯಲ್ಪ. ಅದನ್ನು ಹಿಡಿಯಬೇಕಾದ ಕಾಲ ಬೇರೆಯೇ: ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಗೊಣ್ಣೆಹುಳು ಬೆಳೆದು ಆಗುವ ದುಂಬಿಗಳು ಮಣ್ಣಿನಿಂದ ಎದ್ದು ಹೊಲದ ಬದುವಿನ ಮರಗಳಿಗೆ ಮುತ್ತುತ್ತವೆ. ಆಗ ಕೊಂಬೆ ಅಲುಗಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮೊಟ್ಟೆಯಿಡುವ ಪೀಳಿಗೆಯೇ ತಗ್ಗುತ್ತದೆ. ಜೊತೆಗೆ ಬೆಳಕಿನ ಬಲೆ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಮಣ್ಣಿಗೆ ಸೇರಿಸುವ ಮೆಟಾರೈಜಿಯಂ ಶಿಲೀಂಧ್ರ. ಇದರ ತೊಂದರೆ ಏನೆಂದರೆ ಒಬ್ಬ ಮಾಡಿದರೆ ಸಾಲದು, ಸುತ್ತಲಿನ ಹೊಲದವರೆಲ್ಲ ಅದೇ ನಾಲ್ಕಾರು ಸಂಜೆ ಒಟ್ಟಾಗಿ ಮಾಡಬೇಕು. ಡಬ್ಬಿಯನ್ನು ಒಬ್ಬನೇ ಕೊಳ್ಳಬಹುದು, ಒಬ್ಬನೇ ಸುರಿಯಬಹುದು. ವಿಸ್ತರಣಾ ಕಾರ್ಯಕರ್ತರ ಹುದ್ದೆಗಳನ್ನು ಖಾಲಿ ಬಿಟ್ಟು ಸಮಗ್ರ ಕೀಟ ನಿರ್ವಹಣೆಯ ಮಾತಾಡುವ ಸರ್ಕಾರಗಳು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ.

ಈ ನಡುವಣ ವರ್ಷಗಳಲ್ಲಿ ಸಿಂಪಡಣೆ ನಡೆದೇ ನಡೆಯುತ್ತದೆ. ಅದನ್ನು ಮಾಡುವವರ ಗತಿಯೇನು? ನಾನು ಕಂಡ ಒಂದು ದೃಶ್ಯ ಹೇಳುತ್ತೇನೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಸಿಂಪಡಿಸುತ್ತಿದ್ದ ಕೂಲಿಯೊಬ್ಬರ ನಳಿಕೆ ಕಟ್ಟಿಕೊಂಡಿತು. ಅವರು ಅದನ್ನು ಬಿಚ್ಚಿ, ಪಂಚೆಯ ಅಂಚಿಗೆ ಒರೆಸಿ, ಬಾಯಲ್ಲಿಟ್ಟು ಜೋರಾಗಿ ಊದಿದರು. ನಾನು ಕೂಗಿಕೊಂಡೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, 'ಕಟ್ಟಿಕೊಂಡರೆ ಇನ್ನೇನು ಮಾಡುವುದು ಸ್ವಾಮೀ, ದಿನಕ್ಕೆ ಹತ್ತು ಸಲ ಊದುತ್ತೇವೆ' ಎಂದರು. ಪಂಪಿನ ಮುಚ್ಚಳದಿಂದ ಸೋರಿದ ದ್ರಾವಣಕ್ಕೆ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಇಂಥ ವಿಷ ಒಳಹೋಗುವುದು ಹೆಚ್ಚಾಗಿ ಚರ್ಮದಿಂದಲೇ ಎಂಬುದು ಅವರಿಗೆ ಯಾರೂ ಹೇಳಿರದ ಸಂಗತಿ. ಮುಖಕ್ಕೆ ಮಾತ್ರ ಟವೆಲ್ ಸುತ್ತಿಕೊಂಡಿದ್ದರು. ಆ ನಳಿಕೆಗೆ ಬೇಕಿದ್ದುದು ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಅಥವಾ ಜೇಬಿನಲ್ಲೊಂದು ಬದಲಿ ನಳಿಕೆ.

ಕೈಗವಸು, ಕನ್ನಡಕ, ಮುಖಗವಸು ಹಾಕಿಕೊಳ್ಳಿ ಎಂಬ ಉಪದೇಶವನ್ನು ನಾನೂ ಬೇಕಾದಷ್ಟು ಮಾಡಿದ್ದೇನೆ. ಬಿಸಿಲಿನಲ್ಲಿ ಆ ವೇಷ ತೊಟ್ಟು ಅರ್ಧ ಗಂಟೆ ನಿಲ್ಲಲು ನನ್ನಿಂದಲೇ ಆಗಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಬಟ್ಟೆಯ ಕೈಗವಸಂತೂ ವಿಷವನ್ನು ಹೀರಿ ಚರ್ಮಕ್ಕೆ ಅಂಟಿಸಿಡುತ್ತದೆ; ಅದಕ್ಕಿಂತ ಬರಿಗೈಯಲ್ಲಿದ್ದು ಕೂಡಲೇ ಸೋಪಿನಿಂದ ತೊಳೆಯುವುದು ವಾಸಿ, ನೈಟ್ರೈಲ್ ಕೈಗವಸು ಸಿಕ್ಕರೆ ಎಲ್ಲಕ್ಕಿಂತ ಉತ್ತಮ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಲ್ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತು ನೂರಾರು ಜನ ಆಸ್ಪತ್ರೆ ಸೇರಿದಾಗ ಗಿಡಗಳು ಆಳೆತ್ತರ ಬೆಳೆದಿದ್ದವು. ಸಿಂಪಡಿಸಿದ್ದೆಲ್ಲ ಮುಖದ ಮಟ್ಟದಲ್ಲೇ ತೇಲುತ್ತಿತ್ತು. ರಕ್ಷಣಾ ಸಾಧನ ಬೇಕು, ನಿಜ. ಆದರೆ ಅದನ್ನು ತೊಡಲಾಗದ ಹವೆಯಲ್ಲಿ, ಕೊಳ್ಳಲಾಗದ ಕೂಲಿಯಲ್ಲಿ ದುಡಿಯುವವನಿಗೆ ನೀನೇ ಎಚ್ಚರ ತಪ್ಪಿದೆ ಎನ್ನುವುದು ಅನ್ಯಾಯ. ಇಂಥ ಪರಿಸ್ಥಿತಿಯಲ್ಲಿ ಸುರಕ್ಷಿತವಾಗಿ ಬಳಸಲಾಗದ ವಸ್ತುವನ್ನು ಮಾರಾಟಕ್ಕೇ ಬಿಡಬಾರದು.

ಎದುರು ಪಕ್ಷದ ವಾದದಲ್ಲಿ ಹುರುಳಿಲ್ಲವೆಂದಲ್ಲ. ಇದೇ ಶ್ರೀಲಂಕಾ 2021ರಲ್ಲಿ ರಸಗೊಬ್ಬರ ಮತ್ತು ಕೃಷಿ ರಾಸಾಯನಿಕಗಳ ಆಮದನ್ನು ರಾತ್ರೋರಾತ್ರಿ ನಿಲ್ಲಿಸಿ, ಬೆಳೆ ಕುಸಿದು, ಅದೇ ವರ್ಷದ ನವೆಂಬರ್‌ನಲ್ಲಿ ಹಿಂದೆ ಸರಿಯಿತು. ನಿಷೇಧವೆಂದರೆ ಇದೇ ಗತಿ ಎಂದು ಕೀಟನಾಶಕ ಉದ್ಯಮದ ಪರವಾಗಿ ಮಾತಾಡುವವರು ಈ ಉದಾಹರಣೆಯನ್ನು ಮುಂದಿಡುತ್ತಾರೆ. ಒಂದೇ ದೇಶ, ಎರಡು ಫಲ. 1995ರಿಂದ ಅತ್ಯಂತ ಅಪಾಯಕಾರಿ ವಸ್ತುಗಳನ್ನಷ್ಟೇ ಆಯ್ದು, ಪರಿಣಾಮ ನೋಡಿಕೊಂಡು ಕೈಬಿಟ್ಟಾಗ ಇಳುವರಿ ಇಳಿಯಲಿಲ್ಲ. ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸಿದಾಗ ಇಳಿಯಿತು.

2023ರಲ್ಲಿ ಬಾನ್ ನಗರದಲ್ಲಿ ದೇಶಗಳು ಒಪ್ಪಿದ ಜಾಗತಿಕ ಚೌಕಟ್ಟು, ಅತ್ಯಂತ ಅಪಾಯಕಾರಿ ಕೀಟನಾಶಕಗಳ ಅಪಾಯವನ್ನು ನಿರ್ವಹಿಸಲಾಗದ ಮತ್ತು ಸುರಕ್ಷಿತ ಬದಲಿಗಳಿರುವ ಕಡೆಗಳಲ್ಲಿ 2035ರೊಳಗೆ ಅವನ್ನು ಕೃಷಿಯಿಂದ ಕೈಬಿಡುವ ಗುರಿ ಇಟ್ಟುಕೊಂಡಿದೆ. ಆ ಗುರಿಗೆ ಅರ್ಥ ಬರಬೇಕಾದರೆ ಕ್ಲೋರ್‌ಪೈರಿಫಾಸ್ ವಿಷಯದಲ್ಲಿ ಮೊದಲು ತಯಾರಿಕೆ ಮತ್ತು ಆಮದಿಗೆ, ಆಮೇಲೆ ಮಾರಾಟಕ್ಕೆ, ಕೊನೆಗೆ ಬಳಕೆಗೆ ಎಂದು ಮೂರು ಬೇರೆಬೇರೆ ದಿನಾಂಕಗಳನ್ನು ಈಗಲೇ ಗೊತ್ತುಪಡಿಸಬೇಕು. ಮಾರಾಟದ ಕೊನೆಯ ದಿನದ ನಂತರ ಒಡೆಯದ ಡಬ್ಬಿಯನ್ನೂ ಅರ್ಧ ಉಳಿದ ಡಬ್ಬಿಯನ್ನೂ ಕೊಂಡ ಅಂಗಡಿಯಲ್ಲೇ ಹಿಂದಿರುಗಿಸುವ, ಅಲ್ಲಿಂದ ತಯಾರಕರು ತಮ್ಮ ಖರ್ಚಿನಲ್ಲಿ ಒಯ್ದು ನಾಶಪಡಿಸುವ ಹೊಣೆ ಕಾನೂನಿನಲ್ಲೇ ಇರಬೇಕು. ಲಾಭ ಹಂಚಿಕೊಳ್ಳದ ಸಮಾಜ ಕಸವನ್ನು ಮಾತ್ರ ಹಂಚಿಕೊಳ್ಳಬೇಕೆನ್ನುವುದು ಸರಿಯಲ್ಲ. ಹೊಲದ ಸಮೀಪದ ಆಸ್ಪತ್ರೆಗಳಲ್ಲಿ ಈ ವಿಷಕ್ಕೆ ಪ್ರತಿವಿಷವಾದ ಅಟ್ರೋಪಿನ್ ಸದಾ ಸಿಗುವಂತಿರಬೇಕು, ಬಂದ ಪ್ರತಿ ರೋಗಿಯ ದಾಖಲೆಯಲ್ಲಿ 'ವಿಷಪ್ರಾಶನ' ಎಂಬ ಒಂದೇ ಪದದ ಬದಲು ಕೀಟನಾಶಕದ ಹೆಸರು ಇರಬೇಕು. ಶ್ರೀಲಂಕಾದವರಿಗೆ ಎಂಡೋಸಲ್ಫಾನ್ ಸಿಕ್ಕಿಬಿದ್ದದ್ದು ಅಂಥ ದಾಖಲೆಗಳಿಂದಲೇ.

ಕೊನೆಯದಾಗಿ ಒಂದು ಕೋರಿಕೆ ತಮ್ಮಲ್ಲಿಯೇ. ಪತ್ರಿಕೆಗಳ ಕೃಷಿ ಅಂಕಣಗಳಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರವಾಗಿ 'ಪ್ರತಿ ಲೀಟರ್ ನೀರಿಗೆ ಎರಡು ಮಿ.ಲೀ. ಕ್ಲೋರ್‌ಪೈರಿಫಾಸ್ ಬೆರೆಸಿ ಸಿಂಪಡಿಸಿ' ಎಂಬ ಸಾಲು ವರ್ಷಗಳಿಂದ ಅಚ್ಚಾಗುತ್ತಲೇ ಬಂದಿದೆ. ಒಂದು ಕಾಲದಲ್ಲಿ ಅಂಥ ಸಾಲುಗಳನ್ನು ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಇನ್ನು ಮುಂದೆ ತಮ್ಮ ಪತ್ರಿಕೆಯ ಅಂಕಣಕ್ಕೆ ಅಂಥ ಉತ್ತರ ಬಂದರೆ, ಅಚ್ಚಿಗೆ ಕಳುಹಿಸುವ ಮೊದಲು ತಜ್ಞರಿಗೆ ಹಿಂದಿರುಗಿಸಿ, ಇದಿಲ್ಲದೆ ಏನು ಮಾಡಬಹುದು ಎಂದು ಒಮ್ಮೆ ಕೇಳುವಂತೆ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕೃಷಿ ವಿಸ್ತರಣಾ ಕಾರ್ಯಕರ್ತ